ವಿನೋದಾರ್ಥವಾಗಿ ಪ್ರೋಗ್ರಾಂ ಬರೆಯುವ ವಿಷಯ

ಈ ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಸಂಪಾದಕಿಯರಿಂದ ಕಾಗದ ಬಂದಾಗ, ಹಳೆಯ ವಿದ್ಯಾರ್ಥಿನಿಯಾದ ನನ್ನಿಂದ ಅವರು ನಿರೀಕ್ಷಿಸಿದ್ದು ಬಹುಶಃ ಬೋರ್ಡಿಂಗಿನ ಗಂಟೆ, ಅಂಗಳದ ಹುಣಸೆಯ ಮರ, ಹೊಲಿಗೆಯ ತರಗತಿ ಮೊದಲಾದವುಗಳ ನೆನಪುಗಳಿರಬೇಕು. ಅವು ನನಗೂ ಪ್ರಿಯವಾದವುಗಳೇ. ಆದರೆ ಅವನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಸಹೋದರಿಯರು ಅನೇಕರಿರುವುದರಿಂದ, ನಾನು ಇಲ್ಲಿ ಬೇರೊಂದು ವಿಷಯವನ್ನು, ಅದೂ ಸ್ವಲ್ಪ ವಾದಕ್ಕೆ ಎಡೆಗೊಡತಕ್ಕದ್ದನ್ನು, ಎತ್ತಿಕೊಂಡಿದ್ದೇನೆ. ಹೆಣ್ಣುಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು, ಯಾವ ಪೂರ್ವಯೋಜನೆಯೂ ಇಲ್ಲದೆ, ಯಾವ ಪ್ರಯೋಜನವನ್ನೂ ಅಪೇಕ್ಷಿಸದೆ, ಕೇವಲ ವಿನೋದಕ್ಕಾಗಿ ಪ್ರೋಗ್ರಾಂಗಳನ್ನು ಬರೆಯುವುದು ಒಳ್ಳೆಯದೆಂದೂ, ಅದಕ್ಕಾಗಿ ಅವರಿಗೆ ವಾರಕ್ಕೆ ಒಂದೆರಡು ಗಂಟೆಗಳ ಕಾಲವನ್ನು ಲೆಕ್ಕ ಕೇಳದೆ ಬಿಟ್ಟುಕೊಡುವುದು ಹಿರಿಯರಾದ ನಮ್ಮ ಕರ್ತವ್ಯವೆಂದೂ ನನ್ನ ಅಭಿಪ್ರಾಯ. ಈ ಮಾತನ್ನು ಕೇಳಿ ಹುಬ್ಬುಗಂಟಿಕ್ಕುವ ತಾಯ್ತಂದೆಗಳು ಕಡೆಯವರೆಗೆ ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇನೆ.

ಕಂಪ್ಯೂಟರಿಗೆ ತಾನಾಗಿ ಏನೂ ತಿಳಿಯದು. ಇಂಥದನ್ನು ಮಾಡು, ಆಮೇಲೆ ಇಂಥದನ್ನು ಮಾಡು, ಇಷ್ಟು ಸಾರಿ ಮಾಡು, ಹೀಗಾದರೆ ನಿಲ್ಲು ಎಂದು ಅದಕ್ಕೆ ತಿಳಿಯುವ ಒಂದು ಭಾಷೆಯಲ್ಲಿ ಬರೆದಿಟ್ಟ ಅಪ್ಪಣೆಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಇದನ್ನು ಬರೆಯುವುದಕ್ಕೆ ಎರಡು ದಾರಿಗಳುಂಟು. ಮಾಡಬೇಕಾದ ಕೆಲಸವನ್ನೆಲ್ಲಾ ಮೊದಲು ಕಾಗದದ ಮೇಲೆ ವಿಭಾಗಿಸಿ, ನಕ್ಷೆಯನ್ನೆಳೆದು, ಬಳಿಕ ಯಂತ್ರದ ಹತ್ತಿರ ಹೋಗುವುದು ಒಂದು. ಯಂತ್ರದ ಮುಂದೆಯೇ ಕುಳಿತು ಒಂದು ಸಾಲನ್ನು ಬರೆದು, ಅದು ಏನು ಮಾಡುತ್ತದೆಂದು ನೋಡಿ, ಅದನ್ನು ಕಂಡಮೇಲೆ ಹುಟ್ಟಿದ ಬಯಕೆಯಂತೆ ಇನ್ನೊಂದು ಸಾಲನ್ನು ಸೇರಿಸುತ್ತಾ ಹೋಗುವುದು ಇನ್ನೊಂದು. ಪಾಠಶಾಲೆಗಳಲ್ಲಿ ಮೊದಲನೆಯದೇ ಸನ್ಮಾರ್ಗವೆಂದು ಬೋಧಿಸಲ್ಪಡುತ್ತದೆ. ಎರಡನೆಯದಕ್ಕೆ ಅಶಿಸ್ತು ಎಂದು ಹೆಸರು.

ಈ ಎರಡು ದಾರಿಗಳನ್ನು ನಾನು ಚಿಕ್ಕಂದಿನಲ್ಲಿಯೇ ಕಂಡಿದ್ದೆನು. ನಮ್ಮ ಹೊಲಿಗೆಯ ತರಗತಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವುದಕ್ಕೆ ಮೊದಲು ಕಂದು ಬಣ್ಣದ ಕಾಗದದ ಮೇಲೆ ಅಳತೆಯ ಗೆರೆಗಳನ್ನೆಳೆದು ಉಪಾಧ್ಯಾಯಿನಿಯವರ ಒಪ್ಪಿಗೆಯನ್ನು ಪಡೆಯಬೇಕಾಗಿದ್ದುದು ನನ್ನ ಓರಗೆಯವರಿಗೆಲ್ಲಾ ನೆನಪಿರಬಹುದು. ರಜೆಯಲ್ಲಿ ಮನೆಗೆ ಹೋದರೆ, ಅಲ್ಲಿ ನನ್ನ ಅಜ್ಜಿ ಕೌದಿ ಹೊಲಿಯುತ್ತಾ ಕುಳಿತಿರುತ್ತಿದ್ದಳು. ಅಜ್ಜನ ಧೋತರದ ಚೂರು, ಯಾರದೋ ಹರಿದ ಸೀರೆಯ ಸೆರಗು, ನನಗೆ ಗಿಡ್ಡವಾದ ಲಂಗ, ಇವುಗಳಲ್ಲಿ ಕೈಗೆ ಯಾವುದು ಸಿಕ್ಕಿತೋ ಅದನ್ನು ಹಾಸಿ, ಪಕ್ಕಕ್ಕೆ ಯಾವುದು ಒಪ್ಪೀತೆಂದು ನೋಡಿ, ಒಪ್ಪದಿದ್ದರೆ ತಿರುಗಿಸಿ, ಮತ್ತೆ ಸೂಜಿಯನ್ನು ಎತ್ತಿಕೊಳ್ಳುತ್ತಿದ್ದಳು. ಇದು ಕಡೆಗೆ ಹೇಗೆ ಕಾಣುವುದೆಂದು ಕೇಳಿದರೆ, "ಹೊಲಿದ ಮ್ಯಾಲೆ ಗೊತ್ತಾಗತದವ್ವಾ" ಎನ್ನುತ್ತಿದ್ದಳು. ನಮ್ಮ ಕಂದು ಕಾಗದದ ಜಾಕೀಟುಗಳು ಅಳತೆಗೆ ಸರಿಯಾಗಿದ್ದವು. ಅವುಗಳ ವಿಷಯದಲ್ಲಿ ನಾನು ದೂರು ಹೇಳಲಾರೆ. ಆದರೆ ಅಜ್ಜಿಗೆ ವಿದ್ಯೆಯಿರಲಿಲ್ಲವೆಂದೂ, ಆಕೆಯದು ಕೇವಲ ರೂಢಿಯೆಂದೂ ನಾನು ಆಗ ತಿಳಿದಿದ್ದುದು ತಪ್ಪು.

ಅದು ತಪ್ಪೆಂದು ನನಗೆ ತಿಳಿಯಬಂದದ್ದು ಎಷ್ಟೋ ವರ್ಷಗಳ ಮೇಲೆ, ಬೇರೊಂದು ಊರಿನ ಶಾಲೆಯಲ್ಲಿ ನಾನು ಗಣಿತವನ್ನೂ ಕಂಪ್ಯೂಟರನ್ನೂ ಕಲಿಸುತ್ತಿದ್ದಾಗ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಂದು ರೆಕಾರ್ಡ್ ಪುಸ್ತಕವನ್ನಿಡಬೇಕೆಂದು ನಿಯಮ. ಅದರಲ್ಲಿ ಮೊದಲು ಉದ್ದೇಶ, ಬಳಿಕ ಕೆಲಸದ ಹೆಜ್ಜೆಗಳ ಪಟ್ಟಿ, ಆಮೇಲೆ ಫ್ಲೋಚಾರ್ಟ್ ಎಂಬ ನಕ್ಷೆ, ಅನಂತರ ಪ್ರೋಗ್ರಾಂ, ಕಡೆಯಲ್ಲಿ ಫಲಿತಾಂಶ. ನಡೆಯುತ್ತಿದ್ದುದಾದರೋ ತಲೆಕೆಳಗು. ಹುಡುಗಿಯರು ಮೊದಲು ಪ್ರೋಗ್ರಾಮನ್ನು ಹೇಗೋ ತಿದ್ದಿ ತೀಡಿ ನಡೆಯುವಂತೆ ಮಾಡಿ, ಮನೆಗೆ ಹೋಗಿ, ಪೆನ್ಸಿಲನ್ನು ಚೂಪುಮಾಡಿಕೊಂಡು, ತಾವು ಮೊದಲೇ ಯೋಚಿಸಿದ್ದೆವೆಂಬಂತೆ ನಕ್ಷೆಯನ್ನೆಳೆದು ತರುತ್ತಿದ್ದರು. ಇದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ತನಿಖೆಗೆ ಬರುವವರಿಗೂ ಗೊತ್ತಿದ್ದಿರಬೇಕು. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ದಿನವೂ ಉಪದೇಶಿಸುವ ನಾವು, ಅಂದವಾದ ಅಕ್ಷರದಲ್ಲಿ ಬರೆದ ಈ ಸಣ್ಣ ಸುಳ್ಳಿಗೆ ವರ್ಷವರ್ಷವೂ ಅಂಕಗಳನ್ನು ಕೊಡುತ್ತಾ ಬಂದೆವು.

ಒಂದು ದಿನ ಎಂಟನೆಯ ತರಗತಿಯವರಿಗೆ ಲೋಗೋ ಎಂಬ ಭಾಷೆಯಲ್ಲಿ ಐದು ಮೂಲೆಗಳ ನಕ್ಷತ್ರವನ್ನು ಬರೆಯಿಸುವ ಪಾಠವಿತ್ತು. ೧೯೬೭ರಲ್ಲಿ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್, ವಾಲಿ ಫರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗೋಸ್ಕರ ರಚಿಸಿದ ಭಾಷೆಯಿದು. ಇದರಲ್ಲಿ ಆಮೆಯೆಂದು ಕರೆಯಲ್ಪಡುವ ಒಂದು ಚಿಕ್ಕ ಗುರುತು, ಹೇಳಿದಷ್ಟು ದೂರ ನಡೆದು, ಹೇಳಿದಷ್ಟು ತಿರುಗಿ, ಹೋದಲ್ಲೆಲ್ಲಾ ಗೆರೆಯನ್ನು ಬಿಡುತ್ತದೆ. ನೂರು ಹೆಜ್ಜೆ ಮುಂದೆ ನಡೆದು ೧೪೪ ಡಿಗ್ರಿ ಬಲಕ್ಕೆ ತಿರುಗಬೇಕು, ಹೀಗೆ ಐದು ಸಾರಿ ಮಾಡಬೇಕು ಎಂದು ಅಪ್ಪಣೆಕೊಟ್ಟರೆ ನಕ್ಷತ್ರವು ಮೂಡುತ್ತದೆ. ಒಬ್ಬ ಬಾಲಿಕೆಯು ಕೈತಪ್ಪಿ ೧೪೪ರ ಬದಲು ೧೪೦ ಎಂದು ಒತ್ತಿದ್ದಳು. ಗೆರೆಯು ಹೊರಟ ಸ್ಥಳಕ್ಕೆ ಬಂದು ಸೇರದೆ ಬಾಯ್ತೆರೆದುಕೊಂಡು ನಿಂತಿತು. ತಿದ್ದಿಕೋ ಎಂದು ಹೇಳಿ ನಾನು ಮುಂದಕ್ಕೆ ಹೋದೆನು. ಆಕೆ ತಿದ್ದಲಿಲ್ಲ. ಅದು ಎಂದಾದರೂ ಬಂದು ಸೇರುತ್ತದೆಯೋ ನೋಡೋಣವೆಂದು ಐದರ ಬದಲು ಐವತ್ತು ಸಾರಿ ಎಂದು ಬರೆದಳು. ಆಮೆಯು ಸುತ್ತಿ ಸುತ್ತಿ ಹದಿನೆಂಟು ಮೂಲೆಗಳ ರಂಗೋಲಿಯೊಂದನ್ನು ಬಿಡಿಸಿ, ಆಮೇಲೆ ತಾನು ಎಳೆದ ಗೆರೆಗಳ ಮೇಲೆಯೇ ನಡೆಯತೊಡಗಿತು. ಅಕ್ಕಪಕ್ಕದ ಹುಡುಗಿಯರೆಲ್ಲಾ ಎದ್ದುಬಂದು ಗುಂಪುಗೂಡಿದರು. ಗಲಾಟೆಯಾಯಿತೆಂದು ನಾನು ಗದರಿಸಿ ಪರದೆಯನ್ನು ಅಳಿಸಿಸಿದೆನು.

ಮರುದಿನ ಆಕೆ ಒಂದು ಹರಕು ಹಾಳೆಯನ್ನು ತಂದು ತೋರಿಸಿದಳು. ೧೩೫ಕ್ಕೆ ಎಂಟು ಮೂಲೆ, ೧೬೦ಕ್ಕೆ ಒಂಬತ್ತು, ೧೪೪ಕ್ಕೆ ಐದು, ೧೪೦ಕ್ಕೆ ಹದಿನೆಂಟು. ೧೪೩ಕ್ಕೆ ಮಾತ್ರ ಎಣಿಸಲಾಗದಷ್ಟು ಮೂಲೆಗಳಾಗಿ ಪರದೆಯು ಬೆಳ್ಳಗೆ ತುಂಬಿಹೋಯಿತೆಂದು ಬರೆದಿತ್ತು. ಬಿಡುವಿನ ಹೊತ್ತಿನಲ್ಲಿ ಕಂಪ್ಯೂಟರ್ ಕೊಠಡಿಗೆ ನುಸುಳಿ ಇದನ್ನೆಲ್ಲಾ ಮಾಡಿದ್ದಳೆಂದು ಆಮೇಲೆ ತಿಳಿಯಿತು. ಹಾಳೆಯ ಕೆಳಗೆ, ೩೬೦ನ್ನು ಮೂಲೆಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸಂಖ್ಯೆಯು ತಿರುಗುವ ಕೋನವನ್ನೂ ಶೇಷವಿಲ್ಲದೆ ಭಾಗಿಸುತ್ತದೆಂದು ತನ್ನ ಮಾತಿನಲ್ಲಿ ಗುರುತುಹಾಕಿದ್ದಳು. ೩೬೦ಕ್ಕೂ ೧೪೦ಕ್ಕೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ ೨೦. ೩೬೦ನ್ನು ೨೦ರಿಂದ ಭಾಗಿಸಿದರೆ ೧೮. ಹಿಂದಿನ ತರಗತಿಗಳಲ್ಲಿ ಅರ್ಥವಿಲ್ಲದೆ ಉರುಹೊಡೆದಿದ್ದ ಲೆಕ್ಕವು ಆಕೆಗೆ ಈಗ ಕಣ್ಣಿಗೆ ಕಂಡಿತ್ತು. ೧೪೩ಕ್ಕೂ ೩೬೦ಕ್ಕೂ ಒಂದರ ಹೊರತು ಸಾಮಾನ್ಯವಾದ ಅಪವರ್ತನವಿಲ್ಲದುದರಿಂದ ಮೂಲೆಗಳು ೩೬೦ ಆಗುತ್ತವೆಂದು ನಾನು ಹೇಳಿದಾಗ ಆಕೆ ಚಪ್ಪಾಳೆ ತಟ್ಟಿದಳು. ಆದರೆ ರೆಕಾರ್ಡ್ ಪುಸ್ತಕದಲ್ಲಿ ಆಕೆ ಬರೆದದ್ದು ೧೪೪ರ ನಕ್ಷತ್ರವನ್ನೇ, ಅಂದವಾದ ಫ್ಲೋಚಾರ್ಟಿನೊಡನೆ. ಅದಕ್ಕೆ ನಾನು ಹತ್ತಕ್ಕೆ ಹತ್ತು ಅಂಕಗಳನ್ನು ಕೊಟ್ಟೆನು. ಹರಕು ಹಾಳೆಗೆ ಕೊಡಲು ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಇಂಥದು ನನ್ನೊಬ್ಬಳ ಅನುಭವವಲ್ಲವೆಂದು ಬಳಿಕ ಓದಿ ತಿಳಿದೆನು. ೧೯೯೦ರಲ್ಲಿ ಶೆರಿ ಟರ್ಕಲ್ ಎಂಬ ವಿದುಷಿಯೂ ಮೇಲೆ ಹೇಳಿದ ಪ್ಯಾಪರ್ಟರೂ ಕೂಡಿ ಬರೆದ ಪ್ರಬಂಧವೊಂದರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಂ ಕಲಿಯಲು ಬಂದ ಇಬ್ಬರು ಯುವತಿಯರ ವೃತ್ತಾಂತವಿದೆ. ಒಬ್ಬಳು ಕವಿತೆ ಬರೆಯತಕ್ಕವಳು, ಇನ್ನೊಬ್ಬಳು ಪಿಯಾನೋ ನುಡಿಸತಕ್ಕವಳು. ಸಿದ್ಧವಾದ ತುಂಡುಗಳನ್ನು ಒಳಗೇನಿದೆಯೆಂದು ನೋಡದೆ ಉಪಯೋಗಿಸುವುದು ಇಬ್ಬರಿಗೂ ಒಗ್ಗಲಿಲ್ಲ. ಚಿಕ್ಕ ಚಿಕ್ಕ ಭಾಗಗಳನ್ನು ತಾವೇ ಮುಟ್ಟಿ, ತಡವಿ, ಕೂಡಿಸಿ ನೋಡಬೇಕೆಂಬುದು ಅವರ ಆಸೆ. ಅದು ಸರಿಯಾದ ಕ್ರಮವಲ್ಲವೆಂದು ಅವರಿಗೆ ತಿಳಿಸಲಾಯಿತು. ಇಬ್ಬರೂ ತಮ್ಮ ರೀತಿಯನ್ನು ಬಿಟ್ಟು, ಹೇಳಿದಂತೆ ನಡೆದು, ಪಾಠವನ್ನು ಮುಗಿಸಿದರು; ಆದರೆ ಯಂತ್ರದ ಮೇಲಿನ ಅವರ ಪ್ರೀತಿ ಅಲ್ಲಿಗೆ ಮುಗಿಯಿತು. ಕೈಗೆ ಸಿಕ್ಕ ಸಾಮಗ್ರಿಯೊಡನೆ ಮಾತನಾಡುತ್ತಾ ಮಾಡುವ ಈ ಕ್ರಮವೂ ಯೋಜನಾಕ್ರಮದಷ್ಟೇ ಗೌರವಾರ್ಹವಾದ ಬುದ್ಧಿಯ ವ್ಯಾಪಾರವೆಂದು ಅವರ ವಾದ. ಹೆಂಗಸರಲ್ಲಿ ಈ ಕ್ರಮಕ್ಕೆ ಒಲವು ಹೆಚ್ಚೆಂಬ ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನನ್ನ ಪತಿಯವರು ಯಾವ ಕೆಲಸವನ್ನೂ ಯೋಜಿಸಿ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಪ್ರಬಂಧವನ್ನು ಓದುವಾಗ ಅಜ್ಜಿಯ ಕೌದಿಯು ನನ್ನ ಮೊಣಕಾಲ ಮೇಲೆಯೇ ಇದ್ದಂತಾಯಿತು.

ವಿನೋದಕ್ಕೆ ಆರಂಭವಾದ ಪ್ರೋಗ್ರಾಂಗಳು ಮುಂದೆ ಲೋಕೋಪಕಾರಿಗಳಾದ ಉದಾಹರಣೆಗಳು ಬೇಕಾದಷ್ಟಿವೆ. ಇಂದು ನಮ್ಮ ದೇಶದ ಅನೇಕ ಶಾಲೆಗಳಲ್ಲಿ ಕಲಿಸುವ ಪೈಥಾನ್ ಭಾಷೆಯನ್ನು ಗೈಡೊ ವಾನ್ ರೋಸಮ್ ಎಂಬ ಡಚ್ ದೇಶದವರು ಆರಂಭಿಸಿದ್ದು ೧೯೮೯ರ ಕ್ರಿಸ್ಮಸ್ ವಾರದಲ್ಲಿ, ರಜೆಯ ಹೊತ್ತು ಕಳೆಯುವುದಕ್ಕಾಗಿ. ಲಿನಕ್ಸ್ ವ್ಯವಸ್ಥೆಯನ್ನು ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲೋಕಕ್ಕೆ ತಿಳಿಸಿದಾಗ ಅದು ಕೇವಲ ತನ್ನ ಹವ್ಯಾಸವೆಂದೇ ಹೇಳಿಕೊಂಡಿದ್ದನು. ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯಲು ಬಹುಕಾಲ ಉಪಯೋಗಿಸಿದ 'ಬರಹ'ವನ್ನು ಶೇಷಾದ್ರಿವಾಸು ಚಂದ್ರಶೇಖರನ್ ಅವರು ಉದ್ಯೋಗದ ನಡುವಣ ಬಿಡುವಿನಲ್ಲಿ ರಚಿಸಿ ೧೯೯೮ರಲ್ಲಿ ಉಚಿತವಾಗಿ ಹಂಚಿದರು. ಆದರೆ ಇವುಗಳನ್ನು ಫಲದ ಆಸೆ ತೋರಿಸುವುದಕ್ಕಾಗಿ ನಾನು ಹೇಳುತ್ತಿಲ್ಲ. ಹವ್ಯಾಸದ ಪ್ರೋಗ್ರಾಂಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮರೆತುಹೋಗತಕ್ಕವುಗಳೇ. ನಾನೇ ಮನೆಯ ಹಾಲಿನ ಲೆಕ್ಕಕ್ಕೆಂದು ಒಂದು ಪ್ರೋಗ್ರಾಮನ್ನು ಮೂರು ಸಾರಿ ಬರೆದಿದ್ದೇನೆ. ಎರಡನೆಯದರಲ್ಲಿ ಹಸುವಿನ ಚಿತ್ರವೂ ಬಂದಿತು. ಹಾಲಿನ ಲೆಕ್ಕವು ಇಂದಿಗೂ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆಯೇ ನಡೆಯುತ್ತಿದೆ.

ಇನ್ನೊಂದು ಉದಾಹರಣೆಯಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗಿದೆ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಎಂಬವರು ಗ್ರಹಗಳ ನಡುವೆ ಸಂಚರಿಸುವ ಒಂದು ಆಟವನ್ನು ಬರೆದಿದ್ದರು. ದೊಡ್ಡ ಯಂತ್ರದಲ್ಲಿ ಅದನ್ನು ಒಂದು ಸಾರಿ ಆಡಲು ಸುಮಾರು ೭೫ ಡಾಲರುಗಳ ಖರ್ಚು ಬೀಳುತ್ತಿದ್ದುದರಿಂದ, ಹೆಚ್ಚಾಗಿ ಯಾರೂ ಮುಟ್ಟದೆ ಬಿದ್ದಿದ್ದ ಒಂದು ಸಣ್ಣ ಯಂತ್ರಕ್ಕೆ ಅದನ್ನು ಇಳಿಸಿಕೊಂಡರು. ಆ ಯಂತ್ರದ ಮೇಲೆ ಆಡುತ್ತಾ ಆಡುತ್ತಾ ಕಡೆಗೆ ಯೂನಿಕ್ಸ್ ಎಂಬ ವಿಖ್ಯಾತ ವ್ಯವಸ್ಥೆಯನ್ನು ಮೂರು ವಾರಗಳಲ್ಲಿ ನಿಲ್ಲಿಸಿದರು. ಆ ಮೂರು ವಾರಗಳು ಅವರಿಗೆ ಹೇಗೆ ದೊರೆತುವೆಂದರೆ, ಅವರ ಪತ್ನಿಯು ಸುಮಾರು ಒಂದು ವರ್ಷದ ಮಗುವನ್ನು ಕರೆದುಕೊಂಡು, ಬಂಧುಗಳನ್ನು ಕಾಣಲು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದರು. ಈ ಸಂಗತಿಯನ್ನು ಕಂಪ್ಯೂಟರ್ ಪಂಡಿತರು ನಗುನಗುತ್ತಾ ಹೇಳಿಕೊಳ್ಳುವರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ತಾಯಂದಿರಾದವರು ಇದನ್ನು ಬೇರೆ ರೀತಿಯಲ್ಲಿ ಓದಿಯಾರು.

ನನ್ನ ವಾದದ ತಿರುಳು ಇಲ್ಲಿಯೇ ಇದೆ. ಯೋಜನೆಯಿಲ್ಲದ ಆಟಕ್ಕೆ ಬೇಕಾದುದು ಬುದ್ಧಿಗಿಂತ ಮೊದಲು ಬಿಡುವು. ಯಾರೂ ಲೆಕ್ಕ ಕೇಳದ ಬಿಡುವು. ಮಗನು ಇಡೀ ಭಾನುವಾರ ಮೋಟಾರು ಸೈಕಲನ್ನು ಬಿಚ್ಚಿ ಹರಡಿಕೊಂಡು ಕುಳಿತರೆ ಮನೆಯವರು ಅದನ್ನು ಸಹಿಸುವರು. ಏನೋ ಕಲಿಯುತ್ತಾನೆ ಎಂಬರು. ಮಗಳು ಎರಡು ಗಂಟೆ ಕಂಪ್ಯೂಟರಿನ ಮುಂದೆ ಕುಳಿತರೆ, ಅದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವರು; ಬರುವುದಿಲ್ಲವೆಂದರೆ ತೊಳೆಯಬೇಕಾದ ಪಾತ್ರೆಗಳ ನೆನಪಾಗುವುದು. ಈ ಪಕ್ಷಪಾತವು ನಮ್ಮದೊಂದೇ ದೇಶದ್ದಲ್ಲ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಸ್ತ್ರೀಯರು ೧೯೮೪ರಲ್ಲಿ ನೂರಕ್ಕೆ ಸುಮಾರು ೩೭ ಇದ್ದವರು ೨೦೧೦ರ ಹೊತ್ತಿಗೆ ೧೮ರ ಆಸುಪಾಸಿಗೆ ಇಳಿದರು. ಜೇನ್ ಮಾರ್ಗೋಲಿಸ್, ಆಲನ್ ಫಿಷರ್ ಎಂಬವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಂಡ ಕಾರಣಗಳಲ್ಲೊಂದು ಏನೆಂದರೆ, ಮನೆಗೆ ತಂದ ಕಂಪ್ಯೂಟರನ್ನು ಅನೇಕ ಕುಟುಂಬಗಳು ಮಗನ ಕೋಣೆಯಲ್ಲಿಟ್ಟಿದ್ದುವು. ಹುಡುಗರು ಕಾಲೇಜಿಗೆ ಬರುವ ಮೊದಲೇ ವರ್ಷಗಟ್ಟಲೆ ಆಡಿ ಬಂದಿದ್ದರು. ಆಡದೆ ಬಂದ ಹುಡುಗಿಯರು ತಮಗೆ ಸ್ವಾಭಾವಿಕವಾದ ಬುದ್ಧಿಯೇ ಇಲ್ಲವೆಂದು ತಿಳಿದುಕೊಂಡರು. ಆ ವಿದ್ಯಾಲಯದವರು ಪ್ರವೇಶದ ರೀತಿಯನ್ನೂ ಬೋಧನೆಯನ್ನೂ ತಿದ್ದಿಕೊಂಡ ಮೇಲೆ, ೧೯೯೫ರಲ್ಲಿ ನೂರಕ್ಕೆ ೭ ಇದ್ದ ಹೊಸ ವಿದ್ಯಾರ್ಥಿನಿಯರ ಪ್ರಮಾಣವು ೨೦೦೦ದಲ್ಲಿ ೪೨ಕ್ಕೆ ಏರಿತು.

ನಮ್ಮಲ್ಲಿ ಕಂಪ್ಯೂಟರ್ ಶಾಖೆಗೆ ಸೇರುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲವೆಂದು ಕೆಲವರು ಹೇಳುವರು. ನಿಜ. ನಮ್ಮ ಶಾಲೆಯಿಂದ ಹೊರಟು ಬೆಂಗಳೂರಿನ ಕಂಪೆನಿಗಳಲ್ಲಿ ದುಡಿಯುತ್ತಿರುವವರ ಹೆಸರುಗಳೇ ಈ ಸಂಚಿಕೆಯ ಪುಟಗಳನ್ನು ತುಂಬಬಲ್ಲವು. ಆದರೆ ಅವರಲ್ಲಿ ಯಾರಾದರೂ ಸಂಬಳಕ್ಕಲ್ಲದೆ, ತನ್ನ ಸಂತೋಷಕ್ಕೆ ಒಂದು ಸಾಲನ್ನಾದರೂ ಬರೆದುಂಟೇ ಎಂದು ಕೇಳಿ ನೋಡಿರಿ. ನಾನು ಕೇಳಿದ್ದೇನೆ. ಅನೇಕರು ನನ್ನನ್ನು ಕನಿಕರದಿಂದ ನೋಡಿದರು. ಅವರಿಗೆ ಅದು ಹೊಟ್ಟೆಯ ವಿದ್ಯೆಯಾಗಿ ದೊರೆಯಿತೇ ಹೊರತು ಆಟವಾಗಿ ದೊರೆಯಲೇ ಇಲ್ಲ. ಮುಂದೆ ಪ್ರೋಗ್ರಾಂ ಭಾಷೆಗಳ ಬೆಳವಣಿಗೆಗೆ ಮುಖ್ಯ ಕಾರಣರಲ್ಲೊಬ್ಬರಾದ ಗ್ರೇಸ್ ಹಾಪರ್ ಏಳು ವರ್ಷದ ಬಾಲೆಯಾಗಿದ್ದಾಗ, ಒಳಗೇನಿದೆಯೆಂದು ನೋಡಲು ಮನೆಯ ಅಲಾರಂ ಗಡಿಯಾರಗಳನ್ನು ಒಂದಾದ ಮೇಲೊಂದರಂತೆ ಏಳನ್ನು ಬಿಚ್ಚಿಹಾಕಿದ್ದರಂತೆ. ಅವರ ತಾಯಿಯು ಬೆತ್ತವನ್ನು ತೆಗೆದುಕೊಳ್ಳಲಿಲ್ಲ. ಇನ್ನು ಮೇಲೆ ಒಂದೇ ಗಡಿಯಾರವನ್ನು ಬಿಚ್ಚತಕ್ಕದ್ದೆಂದು ಕಟ್ಟುಮಾಡಿದರಂತೆ. ಆ ತಾಯಿಯ ಹೆಸರನ್ನು ಎಲ್ಲಿಯೂ ದೊಡ್ಡಕ್ಷರದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ಬರೆಯಬೇಕಾಗಿತ್ತು.

ಆಕ್ಷೇಪಣೆಗಳಿವೆ. ಯೋಜನೆಯಿಲ್ಲದೆ ಬರೆಯುವ ಅಭ್ಯಾಸವು ಮುಂದೆ ಅನರ್ಥಕ್ಕೆ ಕಾರಣವಾಗದೇ ಎಂಬುದು ಎಲ್ಲಕ್ಕಿಂತ ಗಂಭೀರವಾದದ್ದು. ೧೯೮೫ರಿಂದ ೧೯೮೭ರವರೆಗೆ ಥೆರಾಕ್-೨೫ ಎಂಬ ಕಿರಣಚಿಕಿತ್ಸೆಯ ಯಂತ್ರದಿಂದ ಅಮೆರಿಕ, ಕೆನಡಗಳಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ಕಿರಣಗಳು ತಗುಲಿ, ಕೆಲವರು ಪ್ರಾಣಬಿಟ್ಟರು. ಅದರ ಪ್ರೋಗ್ರಾಮನ್ನು ಒಬ್ಬನೇ ವ್ಯಕ್ತಿ ಹಲವು ವರ್ಷಗಳಲ್ಲಿ ಬೆಳೆಸಿದ್ದನೆಂದೂ, ಅದರ ಬಗ್ಗೆ ಬರೆದಿಟ್ಟ ದಾಖಲೆಗಳು ಅತ್ಯಲ್ಪವೆಂದೂ, ತಕ್ಕ ಪರೀಕ್ಷೆಯಾಗಿರಲಿಲ್ಲವೆಂದೂ ಬಳಿಕ ಹೊರಬಿದ್ದಿತು. ಪರರ ಪ್ರಾಣವೋ ಹಣವೋ ಯಾವುದರ ಮೇಲೆ ನಿಂತಿದೆಯೋ ಅದನ್ನು ಕೌದಿಯಂತೆ ಹೊಲಿಯಕೂಡದು. ಅಲ್ಲಿ ಕಂದು ಕಾಗದವು ಬೇಕೇ ಬೇಕು. ಈ ಭೇದವನ್ನು ಹುಡುಗಿಯರಿಗೆ ತಿಳಿಸಿಹೇಳುವುದು ಕಷ್ಟವಲ್ಲ. ಅಂಗಳದಲ್ಲಿ ರಂಗೋಲಿ ಹಾಕುವವಳು ಮನೆಯ ಪಾಯವನ್ನೂ ಹಾಗೆಯೇ ತೋಡಿಸುವಳೆಂದು ಯಾರೂ ಹೆದರುವುದಿಲ್ಲವಷ್ಟೆ.

ಇನ್ನೊಂದು ಪ್ರಶ್ನೆಯು ಈಚಿನದು. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಯಂತ್ರವೇ ಪ್ರೋಗ್ರಾಮನ್ನು ಬರೆದುಕೊಡುವ ಕಾಲ ಬಂದಿರುವಾಗ ಈ ಶ್ರಮವೇಕೆ? ಬಂದದ್ದನ್ನು ಓದಿಯೂ ನೋಡದೆ, ಮನಸ್ಸಿಗೆ ತೋಚಿದಂತೆ ಹೇಳುತ್ತಾ ಹೋಗುವ ಈ ರೀತಿಗೆ ೨೦೨೫ರ ಫೆಬ್ರವರಿಯಲ್ಲಿ ಆಂಡ್ರೆ ಕಾರ್ಪತಿ ಎಂಬವರು ವೈಬ್ ಕೋಡಿಂಗ್ ಎಂದು ಹೆಸರಿಟ್ಟರು. ವಾರಾಂತ್ಯದ ಆಟಕ್ಕೆ ಅದು ಅಡ್ಡಿಯಿಲ್ಲವೆಂದು ಅವರ ಭಾವ. ನಾನೂ ಪರೀಕ್ಷಿಸಿ ನೋಡಿದೆನು. ಹಾಲಿನ ಲೆಕ್ಕವು ಒಂದು ನಿಮಿಷದಲ್ಲಿ ಬಂದಿತು; ನನ್ನ ಮೂರಕ್ಕಿಂತಲೂ ಚೆನ್ನಾಗಿತ್ತು; ಹಸುವೂ ಹಸುವಿನಂತೆಯೇ ಇತ್ತು. ನನಗೆ ಸಂತೋಷವಾಗಲಿಲ್ಲ. ಆದರೆ ನನ್ನ ಸಂತೋಷವು ದೊಡ್ಡ ಮಾತಲ್ಲ. ನಕ್ಷತ್ರವನ್ನು ಬರೆಯೆಂದು ಕೇಳಿದ್ದರೆ ಆ ಯಂತ್ರವು ೧೪೪ ಎಂದೇ ಸರಿಯಾಗಿ ಬರೆದುಕೊಡುತ್ತಿತ್ತು. ೧೪೦ ಎಂದು ಕೈತಪ್ಪಿ ಒತ್ತುವವರು ಯಾರು? ಯಂತ್ರವು ಕೊಟ್ಟದ್ದನ್ನು ಓದಿ, ಅದರ ಸಂಖ್ಯೆಗಳನ್ನು ಕೆದಕಿ, ಕೆಡಿಸಿ, ಏನಾಗುವುದೆಂದು ನೋಡುವ ಹುಡುಗಿಗೆ ಮಾತ್ರ ಅದೂ ಒಳ್ಳೆಯ ಆಟದ ಸಾಮಾನೇ ಸರಿ.

ಆ ಎಂಟನೆಯ ತರಗತಿಯ ಬಾಲಿಕೆಯು ಮುಂದೇನಾದಳೆಂದು ನನಗೆ ತಿಳಿಯದು. ಮುಂದಿನ ವರ್ಷ ಆಕೆಯ ತಂದೆ ಬಂದು, ಪರೀಕ್ಷೆಯು ಹತ್ತಿರವಾದುದರಿಂದ ಮಗಳನ್ನು ಕಂಪ್ಯೂಟರ್ ಕೊಠಡಿಗೆ ಬಿಡಬಾರದೆಂದು ಕೇಳಿಕೊಂಡರು. ಮನೆಯಲ್ಲಿದ್ದ ಯಂತ್ರವೂ ಅಣ್ಣನ ಓದಿಗೆಂದು ಮೀಸಲಾಯಿತಂತೆ. ಸಭ್ಯ ಗೃಹಸ್ಥರು; ಮಗಳ ಹಿತವನ್ನೇ ಬಯಸಿದವರು. ನಾನು ಆಗಲಿ ಎಂದೆನು. ಹರಕು ಹಾಳೆಯನ್ನು ಅವರಿಗೆ ತೋರಿಸಬೇಕಾಗಿತ್ತು, ತೋರಿಸಲಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ತೆರೆದಿಡಬೇಕು. ಅಲ್ಲಿ ಪಾಠವಿರಕೂಡದು, ರೆಕಾರ್ಡ್ ಪುಸ್ತಕವಿರಕೂಡದು, ಬಹುಮಾನವೂ ಇರಕೂಡದು. ಹುಡುಗಿಯರ ಕ್ಷೇಮಕ್ಕಾಗಿ ಹಿರಿಯಳೊಬ್ಬಳು ಜೊತೆಯಲ್ಲಿರುವುದು ಅವಶ್ಯ. ನಿವೃತ್ತಳಾದ ನನಗೆ ಶನಿವಾರಗಳು ಬಿಡುವಾಗಿವೆ. ಕಸೂತಿಯ ಕೆಲಸವನ್ನು ತಂದುಕೊಂಡು ಒಂದು ಮೂಲೆಯಲ್ಲಿ ಕುಳಿತುಕೊಳ್ಳುವೆನು. ಕರೆದ ಹೊರತು ಯಾರ ಪರದೆಯನ್ನೂ ಇಣಿಕಿ ನೋಡೆನು. ಕೊಠಡಿಯಲ್ಲಿರುವ ಯಂತ್ರಗಳಲ್ಲಿ ಎರಡು ಕೆಟ್ಟಿವೆ. ಮನೆಯಲ್ಲಿ ಉಪಯೋಗಿಸದೆ ಇಟ್ಟಿರುವ ಹಳೆಯ ಕಂಪ್ಯೂಟರೋ ಕೀಲಿಮಣೆಯೋ ಇರುವ ಸಹೋದರಿಯರು ಶಾಲೆಯ ಕಚೇರಿಗೆ ತಿಳಿಸಿದರೆ, ನಾನೇ ಆಟೋ ಮಾಡಿಕೊಂಡು ಬಂದು ತೆಗೆದುಕೊಂಡು ಹೋಗುವೆನು.